ಶಾಸನ ಓದಿದವನ ತಾಯಿ

ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ ಶಾಸನವನ್ನು ಕನ್ನಡ ಎಂ.ಎ. ಓದಿದವರು ಯಾರೂ ಮರೆಯುವುದಿಲ್ಲ. ಕ್ರಿ.ಶ. 1057ರದು. ನುಗುನಾಡಿನ ರವಿಗನ ಮಗಳು ದೇಕಬ್ಬೆ. ಅವಳ ಗಂಡ ಏಚ ಮಲ್ಲಯುದ್ಧದಲ್ಲಿ ಒಬ್ಬನನ್ನು ಕೊಂದ. ಆ ಕಾರಣಕ್ಕೆ ಚೋಳರ ಆಳ್ವಿಕೆ ಅವನನ್ನು ತಲಕಾಡಿನಲ್ಲಿ ಕೊಲ್ಲಿಸಿತು. ಸುದ್ದಿ ಊರಿಗೆ ಬಂತು. ಬೇಡ ಮಗಳೇ ಎಂದು ಹೆತ್ತವರೂ ಬಂಧುಗಳೂ ಗೋಗರೆದರು. ಅವಳು ಕೇಳಲಿಲ್ಲ, ಬೆಂಕಿಗೆ ಇಳಿದಳು. ಆ ಸಾವನ್ನು ಹಾಡಿ ಹೊಗಳುವ ಮನಸ್ಸು ನನಗಿಲ್ಲ. ಆದರೆ ಒಂದು ಮಾತು ಒಪ್ಪಬೇಕು: ಸಾವಿರ ವರ್ಷದ ಹಿಂದಿನ ಒಂದು ಹಳ್ಳಿಯ ಹೆಣ್ಣುಮಗಳ ಹೆಸರು, ತವರು, ಗಂಡನ ಮನೆ, ಅವಳಿಗೂ ಅವಳಪ್ಪನಿಗೂ ನಡೆದ ವಾಗ್ವಾದ ಎಲ್ಲವೂ ನಮಗೆ ಸಿಗುತ್ತವೆ. ಶ್ರವಣಬೆಳಗೊಳದಲ್ಲೂ ಹೀಗೆಯೇ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ಅವಳ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನ ಕೈಗೊಂಡಳು. ಆ ಕಲ್ಲು ರಾಣಿಯ ತಾಯಿಯನ್ನು 'ರಾಣಿಯ ತಾಯಿ' ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಆಕೆಗೂ ಒಂದು ಹೆಸರಿತ್ತು, ಒಂದು ವಂಶವಿತ್ತು ಎಂದು ಬರೆದಿಟ್ಟಿತು.

ಈ ಎರಡೂ ಕಲ್ಲುಗಳ ಪಾಠವನ್ನು ಅಚ್ಚಿಗೆ ತಂದವರು ಬೆಂಜಮಿನ್ ಲೂಯಿಸ್ ರೈಸ್. 1886ರಲ್ಲಿ ಕೊಡಗಿನ ಸಂಪುಟದಿಂದ ತೊಡಗಿ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಹನ್ನೆರಡು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳು, ಹತ್ತಿರಹತ್ತಿರ 9,000 ಶಾಸನಗಳು. ಶಾಲೆಗಳ ಇನ್‌ಸ್ಪೆಕ್ಟರಾಗಿ ಕುದುರೆ ಹತ್ತಿ ಊರೂರು ಸುತ್ತುವಾಗ ಗುಡಿಯ ಮುಂದೆ, ಕೆರೆ ಏರಿಯ ಮೇಲೆ, ಗದ್ದೆಯ ಬದುವಿನಲ್ಲಿ ನಿಂತಿದ್ದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಗಂಗರ, ಹೊಯ್ಸಳರ, ಒಡೆಯರ ವಂಶವೃಕ್ಷವೆಂದು ನಾವು ಇಂದು ಪಠ್ಯಪುಸ್ತಕದಲ್ಲಿ ಓದುವ ಎಷ್ಟೋ ಸಾಲುಗಳ ಹಿಂದೆ ಅವರ ಕಣ್ಣಿನ ದುಡಿಮೆಯಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಆ ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನು ಹೊರತರಲು ತೊಡಗಿತು. ನಮ್ಮೂರಿನಲ್ಲಿ ಶಾಸನದ ಕೆಲಸ ಮಾಡುವ ಯಾರೇ ಆಗಲಿ, ಮೊದಲು ರೈಸ್ ಅವರ ಬಾಗಿಲಲ್ಲಿ ನಿಂತೇ ಒಳಗೆ ಹೋಗಬೇಕು.

ಇಷ್ಟು ಮನೆತನಗಳ ವಂಶಾವಳಿ ಬಿಡಿಸಿದ ಆ ಮನುಷ್ಯನ ವಂಶಾವಳಿಯನ್ನೇ ಬರೆಯಹೊರಟರೆ ಏನಾಗುತ್ತದೆ? ತಂದೆಯ ಕಡೆ ಕಷ್ಟವಿಲ್ಲ. ರೆವರೆಂಡ್ ಬೆಂಜಮಿನ್ ಹೋಲ್ಟ್ ರೈಸ್, ಲಂಡನ್ ಮಿಷನರಿ ಸೊಸೈಟಿಯವರು, ಐವತ್ತು ವರ್ಷ ಬೆಂಗಳೂರಿನಲ್ಲಿ ದುಡಿದವರು. ಅವರ ಬಗ್ಗೆ ಇನ್ನೊಬ್ಬ ಮಗನೇ ಬರೆದ ಜೀವನಚರಿತ್ರೆಯುಂಟು. ಅವೆನ್ಯೂ ರಸ್ತೆಯ ಗದ್ದಲದ ನಡುವೆ ಅವರ ಹೆಸರಿನ ರೈಸ್ ಸ್ಮಾರಕ ಚರ್ಚ್ ಇಂದಿಗೂ ಕನ್ನಡದಲ್ಲಿ ಆರಾಧನೆ ನಡೆಸುತ್ತದೆ. ತಾಯಿಯ ಕಡೆಗೆ ತಿರುಗಿದರೆ ವರದಿಗಳಲ್ಲಿ, ಪತ್ರಗಳಲ್ಲಿ, ಶಾಲೆಯ ಚರಿತ್ರೆಗಳಲ್ಲಿ ಸಿಗುವುದು ಎರಡೇ ಪದ: 'ಮಿಸೆಸ್ ರೈಸ್'. ದೇಕಬ್ಬೆಗೆ ಸಿಕ್ಕಷ್ಟು ಹೆಸರು ಕೂಡ ಆಕೆಗೆ ಸಿಗಲಿಲ್ಲ.

ಆಕೆಯ ಹೆಸರು ಜೇನ್ ಪೀಚ್ ಸಿಂಗರ್.

1837ರ ಆರಂಭದಲ್ಲಿ ಜೇನ್ ಗಂಡನೊಡನೆ ಬೆಂಗಳೂರಿಗೆ ಬಂದರು. ಅದೇ ವರ್ಷ ಜುಲೈ 17ರಂದು ಲೂಯಿಸ್ ಹುಟ್ಟಿದ್ದು. ತಿಂಗಳು ಎಣಿಸಿ ನೋಡಿ: ಗುಡ್‌ಹೋಪ್ ಭೂಶಿರ ಬಳಸಿ ಬರುವ ಹಾಯಿಹಡಗಿನಲ್ಲಿ ನಾಲ್ಕೈದು ತಿಂಗಳ ಪ್ರಯಾಣ, ಮದರಾಸಿನ ದಡದಿಂದ ಘಟ್ಟ ಹತ್ತಿ ಬೆಂಗಳೂರಿನವರೆಗೆ ಪಲ್ಲಕ್ಕಿ ಅಥವಾ ಗಾಡಿಯ ದಾರಿ. ಮೊದಲ ಬಸಿರನ್ನು ಹೊತ್ತೇ ಆಕೆ ಆ ದಾರಿಯ ಒಂದು ಪಾಲನ್ನಾದರೂ ಸವೆಸಿರಬೇಕು. ಇಳಿದ ಊರಿನಲ್ಲಿ ತಾಯಿಯಿಲ್ಲ, ಅಕ್ಕತಂಗಿಯರಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಇದರ ಭಾರ ಏನೆಂದು ಬೇರೆ ವಿವರಿಸಬೇಕಿಲ್ಲ.

ಅದು ಎಂಥ ಕಾಲ ಎಂಬುದನ್ನೂ ನೆನೆಯಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡು ಆರು ವರ್ಷವಾಗಿತ್ತು. ಮಹಾರಾಜರು ಮೈಸೂರಿನ ಅರಮನೆಯಲ್ಲಿ ಸಾಹಿತ್ಯ, ಸಂಗೀತ, ಚದುರಂಗದ ನಡುವೆ ಇದ್ದರು. ಕಚೇರಿ ಕಾಗದಪತ್ರಗಳೆಲ್ಲ ಬೆಂಗಳೂರಿಗೆ ಹೋಗಿದ್ದವು; ಅಲ್ಲಿ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದರು. ದಂಡಿನ ಪ್ರದೇಶದಲ್ಲಿ ಸೈನ್ಯಾಧಿಕಾರಿಗಳ ಹೆಂಡಂದಿರು ಇದ್ದರು; ಅವರು ಗಂಡನ ವರ್ಗಾವಣೆಯೊಡನೆ ಬಂದು ವರ್ಗಾವಣೆಯೊಡನೆ ಹೋಗುವವರು. ಮಿಷನರಿಗಳ ಹೆಂಡಂದಿರ ಪಾಡು ಬೇರೆ. ಅವರು ಬಂದದ್ದು ನೆಲೆ ನಿಲ್ಲುವುದಕ್ಕೆ. ಪೇಟೆಯ ಜನರ ನಡುವೆ ಬದುಕಬೇಕು, ಪೇಟೆಯ ಮಾತು ಕಲಿಯಬೇಕು. ಅಂದು ಅವರ ಕೈಗೆ ಎಟುಕುವಂತಿದ್ದ ಸಾಧನಗಳೋ ಬೆರಳೆಣಿಕೆಯವು: ವಿಲಿಯಂ ಕೇರಿಯ 1817ರ ಕನ್ನಡ ವ್ಯಾಕರಣ, ಮೆಕೆರೆಲ್ ಬರೆದ 1820ರ ವ್ಯಾಕರಣ, ರೀವ್ ಅವರ ನಿಘಂಟು. ಕಿಟೆಲ್ ಅವರ ನಿಘಂಟು ಬರಲು ಇನ್ನೂ ಐವತ್ತೇಳು ವರ್ಷ ಬಾಕಿಯಿತ್ತು.

1840ರ ಹೊತ್ತಿಗೆ ಜೇನ್ ರೈಸ್ ಮತ್ತು ಜೇಮ್ಸ್ ಸಿವೆಲ್ ಎಂಬ ಮಿಷನರಿಯ ಹೆಂಡತಿ ಇಬ್ಬರೂ ಸೇರಿ ಬೆಂಗಳೂರಿನಲ್ಲಿ ಹೆಣ್ಣುಮಕ್ಕಳಿಗೆಂದು ಕನ್ನಡ ಶಾಲೆ ತೆರೆದರು. ಸಿವೆಲ್ ಅವರ ಹೆಂಡತಿಗೂ ನೋಡಿ ಅದೇ ಗತಿ, 'ಮಿಸೆಸ್ ಸಿವೆಲ್'. ಮುಂದಿನ ವರ್ಷಗಳಲ್ಲಿ ಹುಡುಗಿಯರ ವಸತಿಶಾಲೆಯೂ ಬಂತು. ಮಿಷನ್ ರಸ್ತೆಯ ಮಿತ್ರಾಲಯ ಹೆಣ್ಣುಮಕ್ಕಳ ಶಾಲೆ ತನ್ನ ಹುಟ್ಟನ್ನು 1842ಕ್ಕೆ ಹೊಂದಿಸುವುದು ಈ ಕೆಲಸದ ಮುಂದುವರಿಕೆಯಾಗಿಯೇ. ಮೈಸೂರಿನಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರ ಉತ್ಸಾಹದಿಂದ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾದದ್ದು 1881ರಲ್ಲಿ. ಎರಡರ ನಡುವೆ ನಲವತ್ತು ವರ್ಷದ ಅಂತರ. ಆ ನಲವತ್ತು ವರ್ಷದಲ್ಲಿ ಹೆಣ್ಣು ಓದಿದರೆ ಗಂಡನಿಗೆ ಕೇಡು, ಅಕ್ಷರ ಕಲಿತವಳು ಮನೆತನಕ್ಕೆ ಉಳಿಯುವುದಿಲ್ಲ ಎಂಬ ಮಾತು ಮನೆಮನೆಯಲ್ಲಿ ಇತ್ತು. ಅಗ್ರಹಾರದ ಹೆಣ್ಣುಮಕ್ಕಳನ್ನು ಗಾಡಿಯಲ್ಲಿ ಕರೆತರುವ, ಅರಮನೆಯೇ ಬೆನ್ನಿಗೆ ನಿಲ್ಲುವ ಅನುಕೂಲ ಮೈಸೂರಿನ ಶಾಲೆಗೆ ಇತ್ತು. ಪೇಟೆಯಲ್ಲಿ ಬಾಗಿಲು ತೆರೆದು ಕೂತ ಇಬ್ಬರು ಪರದೇಶಿ ಹೆಂಗಸರಿಗೆ ಅಂಥ ಬೆಂಬಲ ಇರಲಿಲ್ಲ.

ಅವರ ಉದ್ದೇಶದಲ್ಲಿ ಮತಪ್ರಚಾರ ಇತ್ತು, ಅದನ್ನು ಅವರೇ ಮುಚ್ಚಿಡಲಿಲ್ಲ, ನಾವೂ ಮುಚ್ಚಿಡಬೇಕಿಲ್ಲ. ಪಾಠದ ಜೊತೆ ಬೈಬಲ್ ಬಂತು. ಪಾಠಶಾಲೆಯ ಹಿಂದೆ ಸಾಮ್ರಾಜ್ಯದ ನೆರಳೂ ಇತ್ತು. ತಂದೆತಾಯಿಗಳು ಅನುಮಾನದಿಂದ ನೋಡಿದ್ದು ಬರಿಯ ಮೌಢ್ಯದಿಂದ ಅಲ್ಲ, ಕಾರಣ ಇಟ್ಟುಕೊಂಡೇ. ಆದರೂ ಹೆಣ್ಣುಮಕ್ಕಳ ಕೈಗೆ ಕನ್ನಡದ ಓಲೆ, ಕಾಗದ ಕೊಟ್ಟದ್ದು ಒಂದು ನಿಜವಾದ ಕೆಲಸ. ಅದನ್ನು ಮಾಡಿದವಳಿಗೆ ಅವಳ ಹೆಸರು ಸಲ್ಲಬೇಕು. ಅನುಮಾನವನ್ನೂ ಕೃತಜ್ಞತೆಯನ್ನೂ ಒಟ್ಟಿಗೆ ಇಟ್ಟುಕೊಂಡೇ ಇಂಥವರ ಚರಿತ್ರೆ ಬರೆಯಬೇಕೆಂದು ನಾನು ನಂಬಿದ್ದೇನೆ.

ಈಗ ಹುಡುಕಾಟಕ್ಕೆ ಬರೋಣ. ಜೇನ್ ಸಿಂಗರ್ ಎಂಬಾಕೆ ಇಂಗ್ಲೆಂಡ್ ಬಿಡುವ ಮೊದಲು ಯಾರು? ಇಲ್ಲಿ ಕಾಲವೇ ಒಂದು ತೊಡಕು ತಂದಿಟ್ಟಿದೆ. ಇಂಗ್ಲೆಂಡಿನಲ್ಲಿ ಹುಟ್ಟು, ಮದುವೆ, ಸಾವುಗಳ ಸರ್ಕಾರಿ ನೋಂದಣಿ ಆರಂಭವಾದದ್ದು 1837ರ ಜುಲೈ 1ರಂದು. ಅಂದರೆ ಬೆಂಗಳೂರಿನಲ್ಲಿ ಲೂಯಿಸ್ ಹುಟ್ಟುವುದಕ್ಕೆ ಹದಿನಾರು ದಿನ ಮುಂಚೆ. ಜೇನ್ ಹುಟ್ಟಿದ್ದೂ ಮದುವೆಯಾದದ್ದೂ ಅದಕ್ಕಿಂತ ಹಿಂದೆ. ಬ್ರಿಟನ್ನಿನಲ್ಲಿ ಮನೆಮನೆಯ ಹೆಸರು ಬರೆದುಕೊಂಡ ಮೊದಲ ದೊಡ್ಡ ಜನಗಣತಿ 1841ರದು. ಆಗ ಆಕೆ ಇಲ್ಲಿ ಶಾಲೆ ನಡೆಸುತ್ತಿದ್ದರು. ಮೈಸೂರು ಸಂಸ್ಥಾನದ ಮೊದಲ ಕ್ರಮಬದ್ಧ ಜನಗಣತಿಯೋ 1871ರದು. ಎರಡು ದೇಶಗಳ ಲೆಕ್ಕದ ಪುಸ್ತಕಗಳ ನಡುವಿನ ಸಂದಿಯಲ್ಲಿ ಆಕೆಯ ತಾರುಣ್ಯ ಕಳೆದುಹೋಯಿತು.

ಹಾಗಾದರೆ ಉಳಿಯುವುದು ಚರ್ಚಿನ ದಫ್ತರ. 1812ರ ಕಾಯ್ದೆಯಂತೆ ಆಂಗ್ಲಿಕನ್ ಪ್ಯಾರಿಷ್‌ಗಳಿಗೆ ಅಚ್ಚಿನ ರಿಜಿಸ್ಟರ್ ಬಂತು. ಅದರ ದೀಕ್ಷಾಸ್ನಾನದ ಪುಟವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಒಂದು ಪುಟಕ್ಕೆ ಎಂಟು ಮನೆ. ದಿನಾಂಕದ ಕಾಲಂ, ಮಗುವಿನ ಹೆಸರಿನ ಕಾಲಂ, ಆಮೇಲೆ ತಂದೆತಾಯಿಗಳ ಹೆಸರು, ಅದರ ಪಕ್ಕ ಕುಲನಾಮ, ವಾಸ, ತಂದೆಯ ಕಸುಬು, ಕೊನೆಗೆ ಪಾದ್ರಿಯ ಸಹಿ. ಕುಲನಾಮಕ್ಕೆ ಒಂದೇ ಕಾಲಂ. ಅದರಲ್ಲಿ ಬರುವುದು ಗಂಡನದು. ತಾಯಿಯ ತವರಿನ ಹೆಸರು ಬರೆಯಲು ಆ ಹಾಳೆಯಲ್ಲಿ ಜಾಗವನ್ನೇ ಬಿಟ್ಟಿಲ್ಲ. ಗುಮಾಸ್ತನ ಅಸಡ್ಡೆ ಇದಕ್ಕೆ ಕಾರಣವಲ್ಲ. ಹಾಳೆ ಅಚ್ಚಾದಾಗಲೇ ಹೆಂಗಸಿನ ತವರು ಅಳಿಸಿಹೋಗಿತ್ತು.

ಆದರೆ ಲಂಡನ್ ಮಿಷನಿನ ಹೆಚ್ಚಿನ ಕುಟುಂಬಗಳು ಆಂಗ್ಲಿಕನ್ ಚರ್ಚಿನಿಂದ ಹೊರಗೆ ನಿಂತವು, ಬಹುಪಾಲು ಕಾಂಗ್ರಿಗೇಷನಲ್ ಪಂಥದವು. ಪ್ಯಾರಿಷ್ ರಿಜಿಸ್ಟರನ್ನು ಒಪ್ಪದ ಈ ಪಂಗಡಗಳವರು ಲಂಡನ್ನಿನ ಡಾಕ್ಟರ್ ವಿಲಿಯಮ್ಸ್ ಗ್ರಂಥಾಲಯದಲ್ಲಿ ತಮ್ಮದೇ ಜನನ ನೋಂದಣಿ ಇಟ್ಟುಕೊಂಡಿದ್ದರು. 1837ರಲ್ಲಿ ಸರ್ಕಾರದ ನೋಂದಣಿ ಬರುವವರೆಗೂ ಅದು ನಡೆಯಿತು. ಅಲ್ಲಿ ಸಲ್ಲಿಸುತ್ತಿದ್ದ ಪ್ರಮಾಣಪತ್ರದಲ್ಲಿ ತಾಯಿ ಯಾರ ಮಗಳು ಎಂಬುದನ್ನೂ ಬರೆಯುತ್ತಿದ್ದರು, ಅಂದರೆ ತಾಯಿಯ ತಂದೆತಾಯಿಗಳ ಹೆಸರು ಸಮೇತ. ಬೆಳಗೊಳದ ಮಾಚಿಕಬ್ಬೆಯ ಕಲ್ಲಿನ ಹಾಗೆ, ಹೆಣ್ಣಿನ ಕಡೆಯ ತಲೆಮಾರು ಹಿಡಿದಿಟ್ಟ ಅಪರೂಪದ ದಾಖಲೆಯದು. ಇಂಥ ಮನೆತನಗಳ ಹೆಣ್ಣುಮಕ್ಕಳ ತವರನ್ನು ಅರಸುವವರು ಮೊದಲು ಹೋಗಬೇಕಾದ ಜಾಗ ಅದು. ಆ ಕಾಗದಗಳು ಈಗ ಬ್ರಿಟನ್ನಿನ ರಾಷ್ಟ್ರೀಯ ದಫ್ತರಖಾನೆಯಲ್ಲಿವೆ.

ಮದುವೆಯ ವಿಷಯಕ್ಕೆ ಬಂದರೆ ಕಾನೂನು ಇನ್ನೊಂದು ಬಾಗಿಲು ತೆರೆಯುತ್ತದೆ. 1754ರಿಂದ 1837ರವರೆಗೆ ಕ್ವೇಕರರು ಮತ್ತು ಯೆಹೂದಿಗಳನ್ನು ಬಿಟ್ಟು ಇಂಗ್ಲೆಂಡಿನಲ್ಲಿ ಯಾವ ಪಂಥದವರೇ ಆಗಲಿ ಆಂಗ್ಲಿಕನ್ ಚರ್ಚಿನಲ್ಲೇ ಮದುವೆಯಾಗಬೇಕಿತ್ತು; ವಧೂವರರು, ಇಬ್ಬರು ಸಾಕ್ಷಿಗಳು ಸಹಿ ಹಾಕಲೇಬೇಕಿತ್ತು. ಒಲ್ಲದ ಚರ್ಚಿನಲ್ಲಿ ಮದುವೆಯಾಗುವುದು ಅವರಿಗೆ ಮುಜುಗರ. ವಂಶ ಹುಡುಕುವವರಿಗೆ ಮಾತ್ರ ಅದು ಭಾಗ್ಯ. ಸಾಕ್ಷಿಗಳು ಹೆಚ್ಚಾಗಿ ಅಣ್ಣ, ತಂಗಿ, ಚಿಕ್ಕಪ್ಪ ಇಂಥವರೇ. ವಧು ತವರಿನ ಹೆಸರಿನಲ್ಲಿ ಸಹಿ ಮಾಡುವ ಕೊನೆಯ ಕಾಗದವೂ ಅದೇ.

ಇನ್ನು 'ಪೀಚ್' ಎಂಬ ಆ ನಡುವಿನ ಹೆಸರು. ಇಂಗ್ಲಿಷರಲ್ಲಿ ತಾಯಿಯ ಅಥವಾ ಅಜ್ಜಿಯ ತವರಿನ ಕುಲನಾಮವನ್ನು ಮಕ್ಕಳ ನಡುಹೆಸರಾಗಿ ಇಡುವ ರೂಢಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಲವಾಗಿತ್ತು. ಗಂಡನ 'ಹೋಲ್ಟ್' ಕೂಡ ಅಂಥ ಕುಲನಾಮದ ಬಗೆಯದೇ. ಕಾಲಂ ಇಲ್ಲದ ಕಡೆ ತಾಯಂದಿರು ಮಗುವಿನ ಹೆಸರಿನೊಳಗೇ ತಮ್ಮ ತವರನ್ನು ಬಚ್ಚಿಟ್ಟು ದಾಟಿಸಿದರು. ನಮ್ಮ ಇನಿಷಿಯಲ್ಲುಗಳೂ ಬಚ್ಚಿಟ್ಟ ವಂಶಾವಳಿಗಳೇ. ಮೈಸೂರಿನ ಯಾವ ಬೀದಿಯ ನಾಮಫಲಕ ನೋಡಿದರೂ ಮೊದಲ ಅಕ್ಷರದಲ್ಲಿ ಊರು, ಎರಡನೆಯದರಲ್ಲಿ ಅಪ್ಪ. ಅಮ್ಮನಿಗೆ ಅಲ್ಲಿ ಅಕ್ಷರವಿಲ್ಲ. ಆ ಲೆಕ್ಕದಲ್ಲಿ 'ಪೀಚ್' ಎಂಬುದು ನಮ್ಮ ಇನಿಷಿಯಲ್ಲಿಗಿಂತ ಉದಾರವಾದ ಹೆಸರು. ಸಿಂಗರ್ ಮನೆತನದಲ್ಲಿ ಪೀಚ್ ಹೆಣ್ಣೊಬ್ಬಳು ಸೊಸೆಯಾಗಿ ಬಂದ ಮದುವೆಯನ್ನು ಹುಡುಕುವುದೇ ಈ ವಂಶಶೋಧದ ಸರಿಯಾದ ಮೊದಲ ಹೆಜ್ಜೆ.

ಭಾರತದ ಕಡೆಯ ದಾಖಲೆಗಳು ಮೂರು ಕಡೆ ಹಂಚಿಹೋಗಿವೆ. ಮದರಾಸು ಪ್ರಾಂತದ ಪಾದ್ರಿಗಳು ಲಂಡನ್ನಿಗೆ ಕಳಿಸುತ್ತಿದ್ದ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪಟ್ಟಿ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿದೆ. ಮೈಸೂರು, ಬೆಂಗಳೂರು, ಶ್ರೀರಂಗಪಟ್ಟಣದ ಬ್ರಿಟಿಷ್ ಕುಟುಂಬಗಳನ್ನು ಹುಡುಕುವವರು ಅಲ್ಲಿ 'ಎನ್/2' ಎಂಬ ಸರಣಿಯನ್ನು ನೋಡಬೇಕು. ಲಂಡನ್ ಮಿಷನಿನ ಪತ್ರಗಳು, ವರದಿಗಳು ಲಂಡನ್ನಿನ ಸೋವಾಸ್ ಗ್ರಂಥಾಲಯದಲ್ಲಿವೆ. ಮೂರನೆಯದು ನಮ್ಮ ಊರುಗಳ ಸಿ.ಎಸ್.ಐ. ಚರ್ಚುಗಳಲ್ಲಿ ಉಳಿದಿರುವ ಹಳೆಯ ರಿಜಿಸ್ಟರುಗಳು. ಲಂಡನ್ ಮಿಷನಿನ ಎಲ್ಲ ಮಿಷನರಿಗಳ ಪಟ್ಟಿಯನ್ನು ಜೇಮ್ಸ್ ಸಿಬ್ರೀ 1923ರಲ್ಲಿ ಪ್ರಕಟಿಸಿದರು. ಅದರಲ್ಲಿ ಹೆಂಡತಿಯರ ಸಂಗತಿಗಳು ಗಂಡನ ನಮೂದಿನ ಹೊಟ್ಟೆಯೊಳಗೆ ಬರುತ್ತವೆ. ಮದುವೆಯಾಗದೆ ಸ್ವತಂತ್ರವಾಗಿ ಬಂದ ಮಹಿಳೆಯರಿಗೆ ಮಾತ್ರ ಪ್ರತ್ಯೇಕ ಜಾಗ. ಹೆಂಡತಿಯಾಗಿ ಬಂದವಳು ಶಾಲೆ ನಡೆಸಿದರೂ, ಭಾಷೆ ಕಲಿತರೂ, ಮಿಷನ್ನಿನ ಲೆಕ್ಕದಲ್ಲಿ ಕೆಲಸಗಾರಳಲ್ಲ, ಸಂಬಳವೂ ಇಲ್ಲ.

ದಾಖಲೆ ಹುಡುಕುವ ಕೆಲಸ ಯಾಕೆ ಬೇಕು ಎನ್ನುವವರು ಶ್ರೀರಂಗಪಟ್ಟಣದವರೆಗೆ ಹೋಗಿಬರಬೇಕು. ಕಾವೇರಿಯ ದಡದ ಸ್ಕಾಟ್ ಬಂಗಲೆಯ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು: ಕರ್ನಲ್ ಸ್ಕಾಟ್ ಊರಿಗೆ ಮರಳಿದಾಗ ಹೆಂಡತಿ ಮಕ್ಕಳು ಕಾಲರಾದಿಂದ ಸತ್ತಿದ್ದರಂತೆ, ಆತ ಹೊಳೆಗೆ ನಡೆದುಹೋದನಂತೆ, ಮಹಾರಾಜರು ಆ ಮನೆಯನ್ನು ಇದ್ದಂತೆಯೇ ಇರಗೊಟ್ಟರಂತೆ. ಕಥೆ ಹೇಳುವವರು ನೂರು ಮಂದಿ. ಆ ಹೆಂಡತಿಯ ಹೆಸರು ಹೇಳುವವರು ಒಬ್ಬರೂ ಇಲ್ಲ. ಅಲ್ಲೇ ಹತ್ತಿರದ ಗ್ಯಾರಿಸನ್ ಸ್ಮಶಾನದಲ್ಲಿ ಸುಮಾರು 300 ಗೋರಿಗಳಿವೆ. ಟಿಪ್ಪು ಸತ್ತ 1799ರ ಮುತ್ತಿಗೆಯಲ್ಲಿ ಬ್ರಿಟಿಷರ ಪರ ಕಾದಿದ ಸ್ವಿಸ್ ಡಿ ಮ್ಯೂರಾನ್ ರೆಜಿಮೆಂಟಿನವರು, ಅವರ ಹೆಂಡಿರು ಮಕ್ಕಳು ಅಲ್ಲಿ ಮಲಗಿದ್ದಾರೆ. ಮುಳ್ಳು ಬೆಳೆದು ಹಾಳಾಗಿದ್ದ ಆ ಜಾಗವನ್ನು 2008ರ ಸುಮಾರಿಗೆ ಡಿ ಮ್ಯೂರಾನ್ ಮನೆತನದ ಇಂದಿನ ಪೀಳಿಗೆಯವರೇ ಮುಂದೆ ನಿಂತು ದುರಸ್ತಿ ಮಾಡಿಸಿದರು. ಎರಡು ಶತಮಾನ ದಾಟಿ ವಂಶದವರು ಗೋರಿ ಹುಡುಕಿಕೊಂಡು ಬರುವಂತಾದದ್ದು ಕಲ್ಲಿನ ಮೇಲೆ ಹೆಸರು ಇದ್ದದ್ದರಿಂದ.

ಜೇನ್ ರೈಸ್ ಅವರ ವಂಶ ಕೆಳಮುಖವಾಗಿ ಹರಿದ ಬಗೆಯಂತೂ ಕನ್ನಡಿಗರಾದ ನಮಗೆ ತೀರ ಹತ್ತಿರದ ಕಥೆ. ಹಿರಿಮಗ ಲೂಯಿಸ್ ಓದಿಗಾಗಿ ಇಂಗ್ಲೆಂಡಿಗೆ ಹೋದರು. ಮಿಷನರಿ ತಾಯಂದಿರ ಪಾಲಿಗೆ ಅತಿ ಕಠಿಣವಾದ ಕಟ್ಟಳೆಯಿದು: ಮಗುವಿಗೆ ಏಳೆಂಟು ವರ್ಷ ತುಂಬುತ್ತಲೇ ಹಡಗು ಹತ್ತಿಸುವುದು, ಮತ್ತೆ ನೋಡುವುದು ಹತ್ತು ವರ್ಷದ ಮೇಲೋ, ಇಲ್ಲವೇ ಇಲ್ಲವೋ. ಮಿಷನರಿಗಳ ಹೆಣ್ಣುಮಕ್ಕಳಿಗೆಂದು ಲಂಡನ್ ಬಳಿಯ ವಾಲ್ತಮ್‌ಸ್ಟೋದಲ್ಲಿ 1838ರಲ್ಲಿ, ಗಂಡುಮಕ್ಕಳಿಗೆಂದು 1842ರಲ್ಲಿ ಪ್ರತ್ಯೇಕ ಶಾಲೆಗಳೇ ಹುಟ್ಟಿಕೊಂಡವು. ಬೇರೆಯವರ ಹೆಣ್ಣುಮಕ್ಕಳಿಗೆ ಅಕ್ಷರ ತಿದ್ದಿಸುತ್ತ ತಮ್ಮ ಮಕ್ಕಳನ್ನು ಸಮುದ್ರದಾಚೆ ಬಿಟ್ಟುಕೊಡುವ ಬದುಕು ಅದು.

ಲೂಯಿಸ್ 1860ರಲ್ಲಿ ಮರಳಿ ಬಂದು ಬೆಂಗಳೂರಿನ ಹೈಸ್ಕೂಲಿಗೆ, ಅಂದರೆ ಮುಂದಿನ ಸೆಂಟ್ರಲ್ ಕಾಲೇಜಿಗೆ, ಮುಖ್ಯಸ್ಥರಾದರು. 1869ರಲ್ಲಿ ಅವರು ಕೈಹಿಡಿದದ್ದು ಮೇರಿ ಸೋಫಿಯಾ ಗ್ಯಾರೆಟ್ ಅವರನ್ನು. ಆಕೆಯ ತಂದೆ ಜಾನ್ ಗ್ಯಾರೆಟ್ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದ ಚುಕ್ಕಾಣಿ ಹಿಡಿದವರು, ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷುಗಳಲ್ಲಿ ಒಟ್ಟಿಗೆ ಅಚ್ಚು ಹಾಕಿಸಿದವರು, ಆಮೇಲೆ ಸಂಸ್ಥಾನದ ವಿದ್ಯಾ ಇಲಾಖೆಯ ನಿರ್ದೇಶಕರು. ಲಂಡನ್ ಮಿಷನ್ನಿಗೂ ವೆಸ್ಲಿಯನ್ ಮಿಷನ್ನಿಗೂ ಹೀಗೆ ಬೀಗತನ ಬೆಳೆಯಿತು. ಒಂದು ಮನೆ ಕನ್ನಡ ಅಚ್ಚಿನದು, ಇನ್ನೊಂದು ಕನ್ನಡ ಶಾಲೆಯದು. ಜೇನ್ ಅವರ ಇನ್ನೊಬ್ಬ ಮಗ ಎಡ್ವರ್ಡ್ ಪೀಟರ್ ರೈಸ್. ತಂದೆಯಂತೆ ಮಿಷನರಿಯಾದರು, ತಂದೆಯ ಜೀವನಚರಿತ್ರೆ ಬರೆದರು, ಜೊತೆಗೆ ಕನ್ನಡ ಸಾಹಿತ್ಯಕ್ಕೆ ಇಂಗ್ಲಿಷಿನಲ್ಲಿ ಒಂದು ಚರಿತ್ರೆ ಕಟ್ಟಿಕೊಟ್ಟರು. 1921ರಲ್ಲಿ ಪರಿಷ್ಕೃತವಾಗಿ ಬಂದ ಆ ಪುಟ್ಟ ಪುಸ್ತಕದ ಮೂಲಕವೇ ಹೊರಗಿನ ಎಷ್ಟೋ ಮಂದಿ ಪಂಪನನ್ನೂ ಬಸವಣ್ಣನನ್ನೂ ಮೊದಲು ಅರಿತರು. ಅಣ್ಣ ಪಂಪಭಾರತವನ್ನು ಅಚ್ಚಿಗೆ ಕೊಟ್ಟರೆ ತಮ್ಮ ಅದರ ಕಾಲವನ್ನು ಲೋಕಕ್ಕೆ ವಿವರಿಸಿದ. ಒಬ್ಬ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಮಕ್ಕಳಿಂದ ಕನ್ನಡಕ್ಕೆ ಇಷ್ಟಾಯಿತು. ಈ ಇಬ್ಬರ ಕನ್ನಡದ ನಂಟಿಗೆ ಮೂಲ ಹೇಳುವಾಗ ನಾವು ತಂದೆಯನ್ನು ಮಾತ್ರ ಹೆಸರಿಸುತ್ತೇವೆ. ಮನೆಯಲ್ಲಿ ಮಕ್ಕಳ ಕಿವಿಗೆ ಬೀಳುವ ಭಾಷೆ ಯಾವುದೆಂದು ತೀರ್ಮಾನಿಸುವುದರಲ್ಲಿ ತಾಯಿಯ ಪಾಲೆಷ್ಟು ಎಂಬುದು ಗೊತ್ತಿದ್ದೂ ಗೊತ್ತಿದ್ದೂ ಹಾಗೆ ಮಾಡುತ್ತೇವೆ.

ಲೂಯಿಸ್ ರೈಸ್ 1906ರಲ್ಲಿ ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಆರ್. ನರಸಿಂಹಾಚಾರ್ಯರು, 'ಕರ್ಣಾಟಕ ಕವಿಚರಿತೆ'ಯವರು. ರೈಸ್ ತೀರಿಕೊಂಡದ್ದು 1927ರ ಜುಲೈ 10ರಂದು, ಇಂಗ್ಲೆಂಡಿನ ಹ್ಯಾರೋದಲ್ಲಿ. ತೊಂಬತ್ತು ತುಂಬಲು ಒಂದು ವಾರ ಉಳಿದಿತ್ತು.

ಇಷ್ಟಾದರೂ ಜೇನ್ ರೈಸ್ ಕೊನೆಗೆ ಅದೃಷ್ಟವಂತೆಯೇ. ಮಕ್ಕಳು ದೊಡ್ಡವರಾದ್ದರಿಂದ ತಾಯಿಯ ಹೆಸರನ್ನು ಯಾರೋ ಒಬ್ಬರು ಕೆದಕಿ ತೆಗೆದರು. ನನ್ನ ಮನಸ್ಸು ಹೆಚ್ಚು ಓಡುವುದು 1840ರ ಆ ಶಾಲೆಯ ಚಾಪೆಯ ಮೇಲೆ ಕೂತ ಹುಡುಗಿಯರ ಕಡೆಗೆ. ಅವರು ಯಾರ ಮಕ್ಕಳು? ಯಾವ ಕೇರಿಯವರು? ಓದಿದ ಮೇಲೆ ಯಾರ ಮನೆ ಸೇರಿದರು? ಮಿಷನ್ನಿನ ವರದಿಗಳು ಸಾಮಾನ್ಯವಾಗಿ ಇಂಥವರನ್ನು ಸಂಖ್ಯೆಯಲ್ಲಿ ಹೇಳಿ ಮುಗಿಸುತ್ತವೆ. ವಸತಿಶಾಲೆಯ ಹುಡುಗಿಯರಲ್ಲಿ ಹಲವರು ಮುಂದೆ ಉಪದೇಶಿಗಳನ್ನೋ ಮೇಷ್ಟರನ್ನೋ ಮದುವೆಯಾಗಿ ಬೇರೆ ಬೇರೆ ಊರುಗಳ ಮಿಷನ್ ಠಾಣೆಗಳಿಗೆ ಹೋಗಿ, ಅಲ್ಲಿ ತಾವೇ ಪಾಠ ಹೇಳುವುದು ಆ ಕಾಲದ ರೂಢಿ. ಮೈಸೂರಿನಲ್ಲೂ ಲಂಡನ್ ಮಿಷನ್ 1839ರಿಂದ ಒಂದಷ್ಟು ವರ್ಷ ಠಾಣೆ ಹೂಡಿತ್ತು. ವೆಸ್ಲಿಯನ್ನರಂತೂ ನೆಲೆಯೂರಿದರು, 1854ರ ಹಾರ್ಡ್‌ವಿಕ್ ಶಾಲೆ ಅವರದೇ. ಹಾಗೆ ನೋಡಿದರೆ ಮೈಸೂರು, ಬೆಂಗಳೂರು, ತುಮಕೂರು, ಹಾಸನಗಳ ಹಳೆಯ ಕನ್ನಡ ಕ್ರೈಸ್ತ ಮನೆತನಗಳಲ್ಲಿ ಎಷ್ಟೋ ಕಡೆ ಮುತ್ತಜ್ಜಿಯ ಅಜ್ಜಿಯೊಬ್ಬಳು ಇಂಥ ಚಾಪೆಯ ಮೇಲೆ ಅಕ್ಷರ ತಿದ್ದಿದವಳಿರಬೇಕು.

ಆ ಮನೆಗಳಲ್ಲಿ ಹಳೆಯ ಕನ್ನಡ ಬೈಬಲ್ ಇದ್ದರೆ ಅದರ ಮೊದಲ, ಕೊನೆಯ ಖಾಲಿ ಹಾಳೆಗಳನ್ನು ನೋಡಿ. ಮನೆಯವರ ಹುಟ್ಟು ಸಾವು ಬರೆದಿಡುತ್ತಿದ್ದುದು ಅಲ್ಲಿಯೇ. ಚರ್ಚಿನ ಹಳೆಯ ರಿಜಿಸ್ಟರು ಗೆದ್ದಲಿಗೆ ಬೀಳುವ ಮುನ್ನ ಸಭಾಪಾಲಕರ ಒಪ್ಪಿಗೆ ಪಡೆದು ಮೊಬೈಲಿನಲ್ಲಾದರೂ ಫೋಟೊ ತೆಗೆದಿಡಿ. ಮನೆಯ ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಅವರ ತಾಯಿ, ತಾಯಿಯ ತಾಯಿ ಹೀಗೆ ಹೆಣ್ಣಿನ ಕಡೆಯಿಂದಲೇ ಹೆಸರು ಕೇಳಿ ಬರೆದುಕೊಳ್ಳಿ. ಅಪ್ಪಂದಿರ ಸಾಲು ಹೇಗೂ ಇನಿಷಿಯಲ್ಲಿನಲ್ಲಿ, ಖಾತೆ ಪುಸ್ತಕದಲ್ಲಿ ಇದ್ದೇ ಇರುತ್ತದೆ. 1840ರ ದಶಕದ ಬೆಂಗಳೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿತ ಒಬ್ಬಳ ಹೆಸರಾದರೂ ಹಾಗೆ ಸಿಕ್ಕರೆ, ಲೂಯಿಸ್ ರೈಸ್ ಅವರ ಸಂಪುಟಗಳಲ್ಲಿ ಇಲ್ಲದ ಒಂದು ವಂಶಾವಳಿಯ ಮೊದಲ ಸಾಲು ಅದಾಗುತ್ತದೆ.